ಅಂತರ್ಜಾಲ ಅರ್ಜಿಗಳಲ್ಲಿ ಲಾಗಿನ್ ಹಾಗೂ ಸೆಷನ್: ಮರಿಯಮ್ಮನಹಳ್ಳಿ ಹೋಬಳಿಯ ಅರ್ಜಿದಾರರ ಮಾಹಿತಿಗಾಗಿ

ಜಾತಿ, ಆದಾಯ ಮುಂತಾದ ಪ್ರಮಾಣ ಪತ್ರಗಳಿಗೆ ನಾಡಕಚೇರಿಗೆ ಖುದ್ದಾಗಿ ಬಾರದೆ ಅಂತರ್ಜಾಲದ ಮೂಲಕವೂ ಅರ್ಜಿ ಸಲ್ಲಿಸಲು ಅವಕಾಶವಿರುತ್ತದೆ. ಆದರೆ ಅರ್ಜಿ ಅರ್ಧ ತುಂಬುವಷ್ಟರಲ್ಲಿ 'ಸೆಷನ್ ಮುಗಿದಿದೆ' ಎಂಬ ಸೂಚನೆ ಬಂದು ಭರ್ತಿ ಮಾಡಿದ್ದೆಲ್ಲವೂ ಅಳಿಸಿಹೋಗುವುದುಂಟು. ಕಾಲೇಜು ಪ್ರವೇಶದ ಕಡೆಯ ದಿನದಂದು ಹೀಗಾದಲ್ಲಿ ವಿದ್ಯಾರ್ಥಿಗೆ ಆಗುವ ನಷ್ಟ ಸಣ್ಣದಲ್ಲ. ಆದಕಾರಣ ಈ ವ್ಯವಸ್ಥೆ ಕೆಲಸ ಮಾಡುವ ರೀತಿಯನ್ನು ಇಲ್ಲಿ ವಿವರಿಸಲಾಗಿದೆ.

ಜಾಲತಾಣದ ಪುಟದ ಹಿಂದೆ ಸರ್ವರ್ ಗಣಕಯಂತ್ರವಿದ್ದು, ಅದರಲ್ಲಿ ಕಚೇರಿಯ ಕಿಟಕಿಗಳಂತೆ ಒಂದೊಂದು ಕೆಲಸಕ್ಕೆ ಒಂದೊಂದು ದ್ವಾರವಿರುತ್ತದೆ. ಇವುಗಳಿಗೆ ಎಪಿಐ ಎನ್ನುವರು. ನೋಂದಣಿ, ಲಾಗಿನ್, ಅರ್ಜಿ ಸಲ್ಲಿಕೆ, ಲಾಗ್‌ಔಟ್ ಈ ನಾಲ್ಕು ಇದ್ದರೆ ಚಿಕ್ಕದೊಂದು ಸೇವೆ ಆರಂಭಿಸಬಹುದು. ತೊಡಕೆಂದರೆ, ಇವು ಬಳಸುವ ಎಚ್‌ಟಿಟಿಪಿ ಎಂಬ ಸಂಪರ್ಕ ನಿಯಮಕ್ಕೆ ನೆನಪಿನ ಶಕ್ತಿ ಇಲ್ಲ. ಕ್ಷಣದ ಹಿಂದೆ ಬಂದವರೇ ಮತ್ತೆ ಬಂದರೂ ಅದಕ್ಕೆ ಹೊಸಬರೇ ಸರಿ. ಈ ಕೊರತೆ ನೀಗಿಸಲು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಅವರು 'ಕುಕಿ'ಯನ್ನು ರೂಪಿಸಿದರು.

ಹಿಂದೆ ಬ್ಯಾಂಕುಗಳಲ್ಲಿ ಚೆಕ್ಕು ಕೊಟ್ಟವರಿಗೆ ಹಿತ್ತಾಳೆಯ ಬಿಲ್ಲೆ ನೀಡುತ್ತಿದ್ದುದನ್ನು ಹಿರಿಯರು ಬಲ್ಲರು. ಸೆಷನ್ ಎಂದರೆ ಅದೇ. ಪಾಸ್‌ವರ್ಡ್ ಅಥವಾ ಮೊಬೈಲಿಗೆ ಬಂದ ಒಟಿಪಿ ತಾಳೆಯಾದೊಡನೆ ಸರ್ವರ್ ಊಹಿಸಲಾಗದಷ್ಟು ಉದ್ದದ ಸಂಖ್ಯೆಯೊಂದನ್ನು ತನ್ನ ವಹಿಯಲ್ಲಿ ಬರೆದುಕೊಂಡು, ಅದನ್ನೇ ಕುಕಿಯಾಗಿ ಅರ್ಜಿದಾರರ ಬ್ರೌಸರಿಗೆ ಕೊಡುತ್ತದೆ. ಮುಂದಿನ ಪ್ರತಿ ಕಿಟಕಿಯಲ್ಲೂ ಬ್ರೌಸರ್ ಆ ಬಿಲ್ಲೆ ತೋರಿಸುತ್ತದೆ. ಬಿಲ್ಲೆ ಯಾರ ಕೈಯಲ್ಲಿದೆಯೋ ಹಣ ಅವರಿಗೇ ಸಂದಾಯವಾಗುತ್ತಿತ್ತಷ್ಟೆ. ಇಲ್ಲಿಯೂ ಅಪಾಯ ಅದೇ ಆಗಿರುವುದರಿಂದ ಬಿಲ್ಲೆಗೆ ಅವಧಿ ಗೊತ್ತುಪಡಿಸಲಾಗುತ್ತದೆ. ಕೆಲಕಾಲ ಚಟುವಟಿಕೆ ಇಲ್ಲದಿದ್ದಲ್ಲಿ ಅದು ರದ್ದಾಗುತ್ತದೆ. ಇದು ಅರ್ಜಿದಾರರಿಗೆ ಕಿರಿಕಿರಿಯೇ ಸರಿ, ಆದರೆ ಅವರ ರಕ್ಷಣೆಗಾಗಿಯೇ ಇರುವ ಕ್ರಮ.

ಆದ್ದರಿಂದ ದಾಖಲೆಗಳನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡು ಅನಂತರ ಲಾಗಿನ್ ಆಗತಕ್ಕದ್ದು. ಅರ್ಜಿ ಸಲ್ಲಿಕೆಯಾಗಿ ಸ್ವೀಕೃತಿ ಸಂಖ್ಯೆ ಬಂದ ಮೇಲೆ ಸೆಷನ್ ಮುಗಿದರೂ ಚಿಂತೆಯಿಲ್ಲ, ಅರ್ಜಿ ದಾಖಲಾಗಿರುತ್ತದೆ. ಖಾಸಗಿ ಕಂಪ್ಯೂಟರ್ ಕೇಂದ್ರಗಳಲ್ಲಿ ಲಾಗ್‌ಔಟ್ ಒತ್ತದೆ ಏಳಬಾರದು. ಕಿಟಕಿ ಮುಚ್ಚಿದ ಮಾತ್ರಕ್ಕೆ ಬಿಲ್ಲೆ ರದ್ದಾಗದೆ ಉಳಿಯಬಹುದು. ಆಗ ಮುಂದೆ ಕುಳಿತವರ ಅರ್ಜಿ ನಿಮ್ಮ ಖಾತೆಯಲ್ಲಿ ದಾಖಲಾಗಿ, ಇಬ್ಬರೂ ಅಲೆಯಬೇಕಾಗುತ್ತದೆ.

ಪಾಸ್‌ವರ್ಡನ್ನು ಸರಿಯಾಗಿ ರೂಪಿಸಿದ ವ್ಯವಸ್ಥೆ ಇದ್ದಂತೆಯೇ ಇಟ್ಟುಕೊಳ್ಳುವುದಿಲ್ಲ. ಮರಳಿ ಓದಲಾಗದ ಸಂಕೇತವಾಗಿ ಮಾರ್ಪಡಿಸಿ ಇಡುತ್ತದೆ. ಮರೆತಲ್ಲಿ ಸಿಬ್ಬಂದಿಯೂ ಅದನ್ನು ಹೇಳಲಾರರು, ಹೊಸದನ್ನೇ ಮಾಡಿಕೊಳ್ಳಬೇಕು. ಪಾಸ್‌ವರ್ಡ್ ಅಥವಾ ಒಟಿಪಿ ಕೇಳಿ ಯಾರೇ ಕರೆ ಮಾಡಿದರೂ ತಿಳಿಸಬಾರದು. ವಂಚನೆಯಿಂದ ಹಣ ಕಳೆದುಕೊಂಡಲ್ಲಿ ಕೂಡಲೇ 1930ಕ್ಕೆ ದೂರು ನೀಡುವುದು.

ಪರದೆಯಲ್ಲಿ 401 ಎಂದು ಕಂಡಲ್ಲಿ ಬಿಲ್ಲೆ ಇಲ್ಲ ಅಥವಾ ಅವಧಿ ಮೀರಿದೆ ಎಂದರ್ಥ. ಪುನಃ ಲಾಗಿನ್ ಆಗುವುದು. 403 ಎಂದರೆ ಆ ಪುಟಕ್ಕೆ ಅನುಮತಿ ಇಲ್ಲ. 500 ಬಂದಲ್ಲಿ ದೋಷ ಸರ್ವರಿನದು, ಅರ್ಜಿದಾರರದಲ್ಲ. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸುವುದು. ಮತ್ತೊಂದು ಮಾತು: 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿರುವುದರಿಂದ ಮರಿಯಮ್ಮನಹಳ್ಳಿಯವರು ಜಿಲ್ಲೆಯ ಕಲಂನಲ್ಲಿ 'ವಿಜಯನಗರ', ತಾಲ್ಲೂಕಿನಲ್ಲಿ 'ಹೊಸಪೇಟೆ' ಎಂದೇ ಆಯ್ಕೆ ಮಾಡತಕ್ಕದ್ದು. ಸಂಡೂರು ಮತ್ತು ಕಂಪ್ಲಿ ತಾಲ್ಲೂಕಿನವರಿಗೆ ಬಳ್ಳಾರಿ ಜಿಲ್ಲೆಯೇ ಅನ್ವಯಿಸುತ್ತದೆ.