ಮಗು ನಿಮ್ಮ ದನಿ ಕೇಳುತ್ತಿದೆಯೇ?



"ಪಕ್ಕದ ಮನೆ ಮಗು ಎದ್ದು ನಿಂತಿತು, ನಮ್ಮದು ಇನ್ನೂ ಅಂಬೆಗಾಲೂ ಇಟ್ಟಿಲ್ಲ!" ಡೊಂಬಿವಲಿಯಿಂದ ಮೀರಾರೋಡಿನವರೆಗೆ ಎಷ್ಟೋ ಮನೆಗಳಲ್ಲಿ ಇದೇ ಚಿಂತೆ. ಊರಿನಿಂದ ಬಂದ ಅಜ್ಜಿ ಮಾತ್ರ, "ನಿನ್ನ ಗಂಡನೂ ತಡವಾಗಿಯೇ ನಡೆದದ್ದು, ಸುಮ್ಮನಿರಮ್ಮ" ಎನ್ನುತ್ತಾರೆ.

ನಡಿಗೆಯ ಮಟ್ಟಿಗೆ ಅಜ್ಜಿಯ ಮಾತು ಬಹುಪಾಲು ಸರಿ. ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ಗಮನಿಸಿ ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಒಂದು ಅಳತೆ ಕೊಟ್ಟಿತು. ಆಸರೆಯಿಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ. ತಾನಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳೊಳಗೆ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡದೆಯೇ ನಡೆದವು! ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ, ವೈದ್ಯರು ಹೇಳಿದ್ದ ಹೆರಿಗೆಯ ದಿನದಿಂದ ವಯಸ್ಸು ಎಣಿಸಬೇಕು.

ಆದರೆ ಕಿವಿಯ ವಿಷಯದಲ್ಲಿ ಕಾಯಬಾರದು. ಕಿವಿ ಕೇಳದ ಮಗುವೂ ಮೊದಲ ತಿಂಗಳುಗಳಲ್ಲಿ ನಗುತ್ತದೆ, "ಊಂ, ಆಂ" ಎನ್ನುತ್ತದೆ. ಹಾಗಾಗಿ ಮನೆಯವರಿಗೆ ಸಂಶಯವೇ ಬರುವುದಿಲ್ಲ. ಆರು ತಿಂಗಳ ಹೊತ್ತಿಗೆ ಮಗು ದನಿ ಬಂದ ಕಡೆ ತಿರುಗಬೇಕು. ಒಂಬತ್ತರ ಹೊತ್ತಿಗೆ "ಬಾಬಾಬಾ, ಮಾಮಾಮಾ" ಎನ್ನುತ್ತಾ ತನ್ನ ಹೆಸರಿಗೆ ಓಗೊಡಬೇಕು. ವರ್ಷದ ಆಸುಪಾಸಿನಲ್ಲಿ "ಅಮ್ಮ"ನಂಥ ಒಂದೆರಡು ಮಾತು.

ತಟ್ಟೆ ಬಡಿದು ಪರೀಕ್ಷಿಸಬೇಡಿ. ನೆಲದ ಅದುರಿಗೂ ಮಗು ತಿರುಗೀತು. ರೈಲು ಹಳಿಯ ಪಕ್ಕದ ಮನೆಯಲ್ಲಿ ಕಿವಿ ಚೆನ್ನಾಗಿರುವ ಮಗುವೂ ಲೋಕಲ್‌ನ ಸದ್ದಿಗೆ ಏಳದೆ ಮಲಗಿರುತ್ತದೆ. ಬೆನ್ನ ಹಿಂದೆ ನಿಂತು ಮೆಲ್ಲಗೆ ಕರೆದು ನೋಡಿ. ತಿರುಗಿದರೂ ಸಂಶಯ ಉಳಿದರೆ ವೈದ್ಯರಲ್ಲಿ ಕೇಳಿ. ಯಂತ್ರದ ಪರೀಕ್ಷೆಯಿಂದಷ್ಟೇ ಖಚಿತ. ಅದಕ್ಕೆ ನೋವಿಲ್ಲ, ಹಸುಗೂಸಿಗೂ ಮಾಡಬಹುದು.

"ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ, ಹಿಂದಿ, ಅದಕ್ಕೇ ಮಾತು ತಡ" ಎಂದು ಸಮಾಧಾನ ಮಾಡಿಕೊಳ್ಳುವವರೂ ನಮ್ಮಲ್ಲಿ ಇದ್ದಾರೆ. ಎರಡು ಮೂರು ಭಾಷೆ ಕೇಳಿದ್ದರಿಂದ ಯಾವ ಮಗುವೂ ಮೂಕವಾಗುವುದಿಲ್ಲ. ಈ ಸಮಾಧಾನದ ಹಿಂದೆ ಕಿವಿಯ ದೋಷವೇ ಅಡಗಿ ಕುಳಿತರೆ ಕಷ್ಟ. ಮೂರು ತಿಂಗಳೊಳಗೆ ದೋಷ ಪತ್ತೆಯಾಗಿ, ಆರು ತಿಂಗಳೊಳಗೆ ಶ್ರವಣ ಯಂತ್ರ, ತರಬೇತಿ ಸಿಕ್ಕರೆ ಮಗುವಿಗೆ ಮಾತು ಕಲಿಯಲು ಬಹಳ ಅನುಕೂಲ. ಅಷ್ಟು ತಿಂಗಳು ದಾಟಿದ್ದರೂ ಇಂದೇ ಹೋಗಿ.

ಬಾಂದ್ರಾದಲ್ಲಿ 1983ರಿಂದ ಇರುವ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದಕ್ಕೆಂದೇ ಇರುವ ಸರಕಾರಿ ಸಂಸ್ಥೆ. ಹೆರಿಗೆಗೆ ಊರಿಗೆ ಹೋದವರಿಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಲಿತದ್ದನ್ನು ಮಗು ಮರೆಯತೊಡಗಿದರಂತೂ ತಡಮಾಡದೆ ವೈದ್ಯರಿಗೆ ತೋರಿಸಿ.

ನಾಳೆ ಬೆಳಿಗ್ಗೆ ರೇಡಿಯೋ ಹಚ್ಚುವ ಮೊದಲು ಮಗುವನ್ನು ಹಿಂದಿನಿಂದ ಒಮ್ಮೆ ಕರೆದು ನೋಡುತ್ತೀರಲ್ಲ?