ಹಾಯಿದೋಣಿಯ ಟ್ರೇಲರ್: ಮೂಕಿ ಎಷ್ಟು ಉದ್ದವಿರಬೇಕು?

ಕರಾವಳಿಯಲ್ಲಿ ಪ್ರವಾಸಿಗರಿಗೆ ಹಾಯಿದೋಣಿ ವಿಹಾರ ಒದಗಿಸುವ ನನ್ನ ಕಕ್ಷಿದಾರರೊಬ್ಬರ ಲೆಕ್ಕಪತ್ರ ಪರಿಶೀಲಿಸುತ್ತಿದ್ದಾಗ, ಒಂದೇ ಜೀಪಿನ ಹಿಂಚಕ್ರದ ಬೇರಿಂಗ್ ಹಾಗೂ ಬ್ರೇಕ್ ದುರಸ್ತಿಯ ಬಿಲ್ಲುಗಳು ವರ್ಷದಲ್ಲಿ ಮೂರು ಬಾರಿ ಕಂಡುಬಂದವು. ವಿಚಾರಿಸಲಾಗಿ, ದೋಣಿಯನ್ನು ಇಳಿಸುವಾಗಲೆಲ್ಲ ಜೀಪೂ ಉಪ್ಪುನೀರಿಗಿಳಿಯುತ್ತದೆಂದು ತಿಳಿಯಿತು. ಟ್ರೇಲರಿನ ಮೂಕಿಯನ್ನು 2 ಮೀಟರ್ ಉದ್ದಗೊಳಿಸಲು ಗ್ಯಾರೇಜಿನವರಿಂದ ದರಪಟ್ಟಿ ಬಂದಿತ್ತು. ಅದು ಬಂಡವಾಳ ವೆಚ್ಚವೋ ದುರಸ್ತಿಯೋ ಎಂಬುದು ಅವರ ಪ್ರಶ್ನೆ. 2 ಮೀಟರ್ ಸಾಕೆಂದು ಅಳೆದವರಾರು ಎಂಬುದು ನನ್ನ ಪ್ರಶ್ನೆ.

ಲೇಸರ್‌ನಂತಹ ಹಗುರ ದೋಣಿಗೆ ಈ ತೊಡಕಿಲ್ಲ. ಅದರ ಒಡಲಿನ ತೂಕ ಸುಮಾರು 59 ಕಿಲೋ. ಇಬ್ಬರು ಕೈಗಾಡಿಯಲ್ಲಿ ತಳ್ಳಿ ಇಳಿಸಬಹುದು. ತಳದಿಂದ ಕೆಳಕ್ಕೆ ಚಾಚಿದ ಭಾರವಾದ ಕೀಲ್ ಉಳ್ಳ ದೋಣಿಯ ಮಾತು ಬೇರೆ. 1969ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಕ್ಯಾಟಲೀನಾ 22 ಎಂಬ ದೋಣಿಯನ್ನೇ ನೋಡೋಣ. ಅದರ ಮಡಚುವ ಕೀಲನ್ನು ಮೇಲೆತ್ತಿದಾಗ ತೇಲಲು ಸುಮಾರು 0.61 ಮೀಟರ್ ನೀರು ಬೇಕು. ಸ್ಥಿರ ಕೀಲಿನ ಮಾದರಿಗೆ 1.07 ಮೀಟರ್. ಟ್ರೇಲರಿನ ಮೇಲೆ ಕೀಲ್ ಕೂರುವ ಎತ್ತರ 0.35 ಮೀಟರ್ ಎಂದಿಟ್ಟುಕೊಂಡರೆ ಮೊದಲನೆಯದಕ್ಕೆ 0.96, ಎರಡನೆಯದಕ್ಕೆ 1.42 ಮೀಟರ್ ಆಳ ಬೇಕಾಗುತ್ತದೆ. 8 ಮೀಟರಿಗೆ 1 ಮೀಟರ್ ತಗ್ಗುವ ಇಳಿಜಾರಿನಲ್ಲಿ ಈ ಆಳ ದೊರೆಯುವುದು ನೀರಿನಂಚಿನಿಂದ ಕ್ರಮವಾಗಿ 7.7 ಮತ್ತು 11.4 ಮೀಟರ್ ದೂರದಲ್ಲಿ. ಕೀಲಿನಿಂದ ಜೀಪಿನ ಹಿಂಚಕ್ರಕ್ಕೆ 5 ಮೀಟರ್ ಅಂತರವಿದ್ದರೆ, ಮಡಚುವ ಕೀಲಿನ ದೋಣಿಗೂ ಚಕ್ರ 2.7 ಮೀಟರ್ ನೀರಿನೊಳಗಿರುತ್ತದೆ. ಅಂದರೆ ಗ್ಯಾರೇಜಿನವರ 2 ಮೀಟರ್ ಸಾಲದು, 3 ಬೇಕು. ಸ್ಥಿರ ಕೀಲಿಗಾದರೆ ಆರೂವರೆ ಮೀಟರ್! ಅಷ್ಟುದ್ದದ ಮೂಕಿ ವ್ಯವಹಾರಕ್ಕೆ ಒಗ್ಗುವಂಥದಲ್ಲ. ಇನ್ನು ಇಳಿಜಾರು 5ಕ್ಕೆ 1 ಇದ್ದಲ್ಲಿ ಮಡಚುವ ಕೀಲಿನ ದೋಣಿಗೆ ಮಾರ್ಪಾಡೇ ಬೇಕಿಲ್ಲ. ಆದರೆ ಮೇಲಕ್ಕೆಳೆಯುವಾಗ ಜೀಪಿನ ಶ್ರಮ ಹೆಚ್ಚು.

ಮಾರ್ಪಾಡು ಮಾಡುವವರು ಮೂಕಿಯ ಚೌಕ ಕೊಳವೆಯೊಳಗೆ ಇನ್ನೊಂದು ಉಕ್ಕಿನ ಕೊಳವೆಯನ್ನು ಜಾರಿಸಿ ದಪ್ಪ ಪಿನ್ನಿನಿಂದ ಬಂಧಿಸುತ್ತಾರೆ. ನೀರಿನಂಚಿನಲ್ಲಿ ಮಾತ್ರ ಅದನ್ನು ಹೊರಗೆಳೆಯಬೇಕು, ರಸ್ತೆಯಲ್ಲಿ ಒಳಗೇ ಇರಬೇಕು. ಅದೇ ಕೊಳವೆ, ಅದೇ ಭಾರಕ್ಕೆ ಉದ್ದ ಇಮ್ಮಡಿಯಾದರೆ ಬಾಗುವಿಕೆ ಎಂಟು ಪಟ್ಟಾಗುತ್ತದೆಂಬುದನ್ನು ಮರೆಯಲಾಗದು. ಬೆಸುಗೆಯ ಕಾವಿಗೆ ಸತುವಿನ ಲೇಪ ಸುಟ್ಟುಹೋಗುವುದರಿಂದ, ಸಾಧ್ಯವಾದರೆ ಬೆಸುಗೆಯ ನಂತರವೇ ಲೇಪ ಕೊಡಿಸುವುದು ಮೇಲು. ಟ್ರೇಲರಿನ ಎರಡೂ ಬದಿಗೆ ನೆಟ್ಟಗಿನ ಕಂಬಗಳನ್ನು ನಿಲ್ಲಿಸಿದರೆ, ಗಾಳಿ ಬೀಸಿದರೂ ದೋಣಿ ಮರಳಿ ನಡುವಿಗೇ ಬಂದು ಕೂರುತ್ತದೆ. ನನ್ನ ಮಟ್ಟಿಗೆ ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವುದು ಇದೇ. ಓಡಿ ಬಂದು ಬಿಸಿಯಾದ ಟ್ರೇಲರಿನ ಬೇರಿಂಗನ್ನು ಒಡನೆಯೇ ನೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಅರ್ಧ ಗಂಟೆ ಆರಲು ಬಿಡುವುದಕ್ಕೆ ಖರ್ಚಿಲ್ಲ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಟ್ರೇಲರೂ ಮೋಟಾರು ವಾಹನವೇ. ನೋಂದಣಿ ಪತ್ರದ ವಿವರಗಳಿಗೆ ಹೊಂದದಂತೆ ಅದನ್ನು ಬದಲಿಸುವುದನ್ನು 52ನೇ ಕಲಮು ತಡೆಯುತ್ತದೆ. ಕೆಲಸಕ್ಕೆ ಮುನ್ನ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮ. ಕಕ್ಷಿದಾರರ ಪ್ರಶ್ನೆಗೆ ಉತ್ತರ ಸರಳ: ಸವೆದ ಬೇರಿಂಗಿನ ಬದಲಾವಣೆ ದುರಸ್ತಿ, ಹಿಂದಿಲ್ಲದ ಅನುಕೂಲ ಒದಗಿಸುವ ಮೂಕಿ ಬಂಡವಾಳ ವೆಚ್ಚ, ಅದರ ಮೇಲೆ ಸವಕಳಿ ಪಡೆಯಬಹುದು.

ಅವರದು ಸ್ಥಿರ ಕೀಲಿನ ದೋಣಿಯೆಂದು ಅಳೆದಾಗ ಗೊತ್ತಾಯಿತು. ಮೂಕಿಯ ಯೋಜನೆ ಅಲ್ಲಿಗೇ ನಿಂತಿತು. ಬದಲಿಗೆ ಟ್ರೇಲರಿನ ಮುಂಭಾಗಕ್ಕೆ ಗಟ್ಟಿಯಾದ ಪುಟ್ಟ ಚಕ್ರವೊಂದನ್ನು ಜೋಡಿಸಿದರು. ಈಗ ಉಬ್ಬರದ ವೇಳೆ ಟ್ರೇಲರಿನ ಚಕ್ರಗಳಿಗೆ ಅಡೆಯಿಟ್ಟು, ಜೀಪಿಗೂ ಟ್ರೇಲರಿಗೂ ನಡುವೆ ದಪ್ಪ ಪಟ್ಟಿಯನ್ನು ಬಿಗಿದ ಮೇಲೆಯೇ ಕೊಂಡಿ ಕಳಚುತ್ತಾರೆ. ಬಳಿಕ ಜೀಪು ಮೆಲ್ಲನೆ ಹಿಂದೆ ಸರಿದಂತೆ ಟ್ರೇಲರ್ ಮಾತ್ರ ನೀರಿಗಿಳಿಯುತ್ತದೆ. ಕಳೆದ ವರ್ಷದ ಕಡತದಲ್ಲಿ ಪಟ್ಟಿಯ ಬಿಲ್ಲೊಂದಿತ್ತು, ಬೇರಿಂಗಿನದು ಇರಲಿಲ್ಲ.