ಹಿಮನದಿಯ ಬುಡದಲ್ಲೊಂದು ಪುಸ್ತಕದೂರು

ನಾರ್ವೆಯ ಫ್ಯಾರ್ಲಾಂಡ್‌ನಲ್ಲಿ ಹಳೆಯ ಕೊಟ್ಟಿಗೆಯ ಬಾಗಿಲು ತಳ್ಳಿದರೆ ಒಳಗೆ ಕಾದಂಬರಿಗಳು ಸಿಗುತ್ತವೆ. ದೋಣಿಗೆ ಕಾಯುವವರಿಗೆಂದು ಕಟ್ಟಿದ್ದ ಕೋಣೆಯಲ್ಲಿ, ಒಂದು ಕಾಲದ ಬ್ಯಾಂಕಿನಲ್ಲಿ, ಎಲ್ಲೆಲ್ಲೂ ಪುಸ್ತಕಗಳದ್ದೇ ಕಾರುಬಾರು. ಊರಿನ ಜನಸಂಖ್ಯೆ 300ರ ಆಸುಪಾಸು. ಇಲ್ಲಿನ ಕಪಾಟುಗಳನ್ನು ಸಾಲಾಗಿ ಇಟ್ಟರೆ ನಾಲ್ಕು ಕಿಲೋಮೀಟರ್ ಆದೀತು ಎನ್ನುತ್ತಾರೆ.

ಸೋಗ್ನೆ ಫಿಯೋರ್ಡ್ ಎಂದರೆ 200 ಕಿಲೋಮೀಟರಿಗೂ ಹೆಚ್ಚು ದೂರ ನಾಡಿನೊಳಕ್ಕೆ ನುಗ್ಗಿದ ಕಡಲು. ಅದರ ಒಂದು ಕವಲಿನ ತುದಿಯಲ್ಲಿ ಈ ಊರಿದೆ. ಹಿಂದೆಲ್ಲ ಇಲ್ಲಿಗೆ ಬರಬೇಕಾದರೆ ದೋಣಿಯೇ ಗತಿ. 1986ರಲ್ಲಿ ಹಿಮನದಿಯ ಅಡಿಯ ಬೆಟ್ಟ ಕೊರೆದು ಆರು ಕಿಲೋಮೀಟರಿಗೂ ಉದ್ದದ ಸುರಂಗ ಮಾಡಿದರು. ಅದನ್ನು ಉದ್ಘಾಟಿಸಿದವರು ಅಮೆರಿಕದ ಮಾಜಿ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್. ಅವರ ಮನೆತನದ ಹೆಸರು ಬಂದದ್ದೇ ಇಲ್ಲಿನ ಮುಂಡಾಲ್ ಎಂಬ ಜಾಗದಿಂದ. ಕೆಲವು ವರ್ಷಗಳಲ್ಲಿ ಹತ್ತಿರದ ಪಟ್ಟಣ ಸೋಗ್ನ್‌ಡಾಲ್ ಕಡೆಗೂ ರಸ್ತೆ ಕೂಡಿಕೊಂಡಿತು. ರಸ್ತೆ ಬಂದರೆ ಊರು ಉದ್ಧಾರ ಎನ್ನುತ್ತೇವಲ್ಲ, ಅದು ಅರ್ಧ ಮಾತ್ರ ನಿಜ. ದೋಣಿಯ ಹಂಗಿಲ್ಲದ ಊರನ್ನು ಕಾರುಗಳು ನಿಲ್ಲದೆ ದಾಟಿಬಿಡಬಹುದು. ಅವನ್ನು ನಿಲ್ಲಿಸಲು ಏನಾದರೊಂದು ಬೇಕು.

ಫ್ಯಾರ್ಲಾಂಡಿನವರು ಆರಿಸಿಕೊಂಡದ್ದು ಹಳೆಯ ಪುಸ್ತಕವನ್ನು. ವೇಲ್ಸ್‌ನ ಹೇ-ಆನ್-ವೈ ಎಂಬ ಊರಿನಲ್ಲಿ ರಿಚರ್ಡ್ ಬೂತ್ ಶುರು ಮಾಡಿದ ಪುಸ್ತಕದೂರಿನ ಕಲ್ಪನೆ 1990ರ ದಶಕದಲ್ಲಿ ಇಲ್ಲಿ ಬೇರೂರಿತು. ನಮ್ಮ ನೆರೆಯ ಮಹಾರಾಷ್ಟ್ರದ ಭಿಲಾರ್ ಕೂಡ 2017ರಲ್ಲಿ ಅದೇ ಹೇ ಮಾದರಿಯನ್ನು ನೋಡಿ ಪುಸ್ತಕ ಗ್ರಾಮವಾಯಿತು. ಆದರೆ ಭಿಲಾರ್‌ನಲ್ಲಿ ಕೂತು ಓದುವುದು, ಇಲ್ಲಿ ಕೊಂಡು ಒಯ್ಯುವುದು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ದಾರಿಬದಿಯ ಕಪಾಟುಗಳು. ಕಾವಲಿಗೆ ಯಾರೂ ಇಲ್ಲ. ಬೇಕಾದ್ದನ್ನು ಆರಿಸಿ, ಹಣವನ್ನು ಡಬ್ಬಿಗೆ ಹಾಕಿ ಹೊರಟರಾಯಿತು. ಹೆಚ್ಚಿನವು ನಾರ್ವೇಜಿಯನ್ ಪುಸ್ತಕಗಳು. ಇಂಗ್ಲಿಷಿನವೂ ಇವೆ, ತಾಳ್ಮೆಯಿಂದ ಕೆದಕಬೇಕು.

ಒಂದು ದಿನ ಪುಸ್ತಕಕ್ಕಾದರೆ ಇನ್ನೊಂದು ದಿನ ಮಂಜಿಗೆ. ಯೂರೋಪಿನ ಮುಖ್ಯ ಭೂಭಾಗದ ಅತಿ ದೊಡ್ಡ ಹಿಮನದಿಯಾದ ಯೋಸ್ಟೆದಾಲ್ಸ್‌ಬ್ರೇನ್ ಊರಿನ ನೆತ್ತಿಯ ಮೇಲೇ ಇದೆ. ಅದರ ಬೋಯಾ ಎಂಬ ಕವಲು ರಸ್ತೆಯಿಂದಲೇ ಕಾಣುತ್ತದೆ. ಅದು ಈಗ ಹಿಂದೆ ಸರಿಯುತ್ತಿದೆ. ಹಿಮನದಿ ಅರೆದ ಕಲ್ಲಿನ ಹುಡಿ ನೀರಿಗೆ ಸೇರುವುದರಿಂದ ಬೇಸಿಗೆಯಲ್ಲಿ ಫಿಯೋರ್ಡ್ ಹಾಲು ಬೆರೆಸಿದಂಥ ಹಸಿರಾಗುತ್ತದೆ. ಊರಿನಲ್ಲಿರುವ 1991ರ ಹಿಮನದಿ ವಸ್ತುಸಂಗ್ರಹಾಲಯವನ್ನು ವಿನ್ಯಾಸ ಮಾಡಿದವರು ಸ್ವೆರ್ರೆ ಫೆನ್. ಮುಂದೆ 1997ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ವಾಸ್ತುಶಿಲ್ಪಿ ಅವರು. ಬರಿಯ ಕಾಂಕ್ರೀಟ್ ಕಟ್ಟಡ, ಚಾವಣಿಗೆ ಹತ್ತುವ ಮೆಟ್ಟಿಲು. ಫೋಟೊದಲ್ಲಿ ಬೋಳಾಗಿ ಕಂಡರೂ ಬೆಟ್ಟಗಳ ನಡುವೆ ಅದಕ್ಕಿಂತ ಹೊಂದುವ ಕಟ್ಟಡ ಊಹಿಸಲಾರೆ. ನೀರಿನಂಚಿನ 1891ರ ಮರದ ಹೋಟೆಲ್ ಮುಂಡಾಲ್ ಅದಕ್ಕೆ ತದ್ವಿರುದ್ಧ ರುಚಿ.

ಹೋಗುವವರಿಗೆ ಎರಡು ಮಾತು. ಸೋಗ್ನ್‌ಡಾಲ್‌ನಿಂದ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆ. ಬೇಸಿಗೆಯಲ್ಲಿ ಫಿಯೋರ್ಡ್ ದಂಡೆಯ ಬಾಲೆಸ್ಟ್ರಾಂಡ್‌ನಿಂದ ದೋಣಿ ಸಿಕ್ಕರೆ ಅದನ್ನೇ ಹಿಡಿಯಿರಿ. ಪುಸ್ತಕದಂಗಡಿಗಳು ಮುಖ್ಯವಾಗಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ತೆರೆದಿರುತ್ತವೆ. ಚಳಿಗಾಲದ ಟಿಕೆಟ್ ಅಗ್ಗವೆಂದು ಆಸೆಪಟ್ಟು ಹೊರಡಬೇಡಿ.